ಮೊದಲು ಭದ್ರಾವತಿ ಕೇಳಿಸಲಿ

ಹೊಸಮನೆ ಎಂಬ ಹೆಸರಿನ ಬಡಾವಣೆ ಶಿವಮೊಗ್ಗದಲ್ಲೂ ಇದೆ, ಭದ್ರಾವತಿಯಲ್ಲೂ ಇದೆ. ಎರಡು ಊರುಗಳ ನಡುವಿನ ಅಂತರ 20 ಕಿಲೋಮೀಟರ್ ಆಸುಪಾಸು. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ ಈ ಎರಡೂ ಕಡೆಯವರಿಗೆ ಮನೆಯ ನಿಲ್ದಾಣ. ಮೀಡಿಯಂ ವೇವ್‌ನಲ್ಲಿ 675 ಕಿಲೋಹರ್ಟ್ಸ್, ಎಫ್‌ಎಂನಲ್ಲಿ 103.5 ಮೆಗಾಹರ್ಟ್ಸ್ ಎಂಬ ಎರಡು ಸಂಖ್ಯೆಗಳು ಇಲ್ಲಿನ ಹಳೆಯ ಕೇಳುಗರಿಗೆ ಬಾಯಿಪಾಠ. ಈಗಿನ ಹವ್ಯಾಸಿಗಳು ಇಂಟರ್‌ನೆಟ್‌ಗೆ ಜೋಡಿಸಿಡುವ ಸಾಫ್ಟ್‌ವೇರ್ ರೇಡಿಯೊಗಳಿಗೂ ಈ ಸಂಖ್ಯೆಗಳು ಕೆಲಸಕ್ಕೆ ಬರುತ್ತವೆ, ಅದೂ ಹಾಡು ಕೇಳುವುದಕ್ಕಿಂತ ಹೆಚ್ಚು ಮುಖ್ಯವಾದ ಕೆಲಸಕ್ಕೆ. ಇಂಥ ರೇಡಿಯೊ ಕೈಕೊಟ್ಟಾಗ ಬಹುತೇಕರು ಮೊದಲು ರೌಟರ್ ಕಡೆ ನೋಡುತ್ತಾರೆ, ವೈಫೈ ಪಾಸ್‌ವರ್ಡ್ ಬದಲಿಸುತ್ತಾರೆ, ಇಂಟರ್‌ನೆಟ್ ಕೊಟ್ಟವರನ್ನು ದೂರುತ್ತಾರೆ. ಹುಡುಕಾಟ ಶುರುವಾಗಬೇಕಾದದ್ದು ಅಲ್ಲಿಂದಲ್ಲ. ಗೊತ್ತಿರುವ ಜಾಗದಿಂದ, ಗೊತ್ತಿರುವ ಆವರ್ತನದಲ್ಲಿ ಬರುವ ಒಂದು ಸದ್ದು ಆಂಟೆನಾದಿಂದ ನಮ್ಮ ಕಿವಿಯವರೆಗೆ ಎಲ್ಲಿ ಸರಿಯಾಗಿದೆ, ಎಲ್ಲಿ ಕೆಡುತ್ತದೆ ಎಂದು ಹೆಜ್ಜೆಹೆಜ್ಜೆಯಾಗಿ ನೋಡುತ್ತ ಬರಬೇಕು. ನೆಟ್‌ವರ್ಕ್ ಆ ದಾರಿಯ ಕೊನೆಯ ತುಂಡು ಮಾತ್ರ.

ಸಾಫ್ಟ್‌ವೇರ್ ರೇಡಿಯೊ ಎಂದರೇನು ಎಂಬುದನ್ನು ಚುಟುಕಾಗಿ ಹೇಳಿಬಿಡಬಹುದು. ಹಳೆಯ ಟ್ರಾನ್ಸಿಸ್ಟರ್‌ನಲ್ಲಿ ನಿಲ್ದಾಣವನ್ನು ಆರಿಸುವುದು, ಪಕ್ಕದ ನಿಲ್ದಾಣವನ್ನು ತಡೆಯುವುದು, ತರಂಗದಿಂದ ಸದ್ದನ್ನು ಬಿಡಿಸುವುದು ಎಲ್ಲವನ್ನೂ ಸುರುಳಿ, ಕೆಪಾಸಿಟರ್, ಡಯೋಡುಗಳೇ ಮಾಡುತ್ತಿದ್ದವು. ಸಾಫ್ಟ್‌ವೇರ್ ರೇಡಿಯೊ ಆಂಟೆನಾದಿಂದ ಬಂದದ್ದನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಅಳೆದು ಅಂಕಿಗಳಾಗಿಸುತ್ತದೆ, ಉಳಿದ ಕೆಲಸವನ್ನೆಲ್ಲ ಕಂಪ್ಯೂಟರಿನ ಲೆಕ್ಕಾಚಾರಕ್ಕೆ ಬಿಡುತ್ತದೆ. 2012ರ ಸುಮಾರಿಗೆ, ಟಿವಿ ನೋಡಲೆಂದು ಮಾಡಿದ್ದ ಅಗ್ಗದ ಯುಎಸ್‌ಬಿ ಡಾಂಗಲ್‌ನೊಳಗಿನ ರಿಯಲ್‌ಟೆಕ್ ಚಿಪ್‌ನಿಂದ ಈ ಅಂಕಿಗಳನ್ನು ನೇರವಾಗಿ ಹೊರತೆಗೆಯಬಹುದೆಂದು ಹವ್ಯಾಸಿಗಳು ಕಂಡುಕೊಂಡರು. ಅಲ್ಲಿಂದ ಇದು ವಿದ್ಯಾರ್ಥಿಗಳ ಕೈಗೂ ಎಟುಕಿತು. ಇದಕ್ಕೂ ಮೊದಲೇ, 2008ರಲ್ಲಿ, ನೆದರ್‌ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಒಂದೇ ರಿಸೀವರ್ ಅನ್ನು ಜಗತ್ತಿನ ನೂರಾರು ಜನ ಒಟ್ಟಿಗೆ, ತಮತಮಗೆ ಬೇಕಾದ ಆವರ್ತನದಲ್ಲಿ ಬ್ರೌಸರ್ ಮೂಲಕ ಕೇಳುವ ವ್ಯವಸ್ಥೆ ಶುರುವಾಗಿತ್ತು. ನಂತರ ಬಂದ ಕಿವಿಎಸ್‌ಡಿಆರ್ ಎಂಬ ಸಣ್ಣ ಯಂತ್ರ 10 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗಿನ ಇಡೀ ಪಟ್ಟಿಯನ್ನು ಒಂದೇ ಸಲಕ್ಕೆ ಅಂಕಿಯಾಗಿಸಿ ನೆಟ್‌ವರ್ಕ್‌ಗೆ ಕೊಡುತ್ತದೆ. ಮಾಡಿನ ಮೇಲೆ ಆಂಟೆನಾ, ಅಟ್ಟದಲ್ಲಿ ಡಾಂಗಲ್ ಸಿಕ್ಕಿಸಿದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಕೇಳುವವರು ಬೆಂಗಳೂರಿನಲ್ಲೋ ದುಬೈನಲ್ಲೋ ಇರುವ ಏರ್ಪಾಡು ಇಂದು ಅಪರೂಪವಲ್ಲ.

ಈ ಏರ್ಪಾಡಿನ ತೊಂದರೆ ಇರುವುದು ಅದು ಎಂದೂ ಪೂರ್ತಿ ಸುಮ್ಮನಾಗದಿರುವುದರಲ್ಲಿ. ಟ್ರಾನ್ಸಿಸ್ಟರ್ ಕೆಟ್ಟರೆ ಮೌನ. ಇದು ಹಾಗಲ್ಲ. ಆಂಟೆನಾದ ತಂತಿ ತುಂಡಾಗಿ ಬಿದ್ದಿದ್ದರೂ ಪರದೆಯ ಮೇಲೆ ಬಣ್ಣಗಳು ಹರಿಯುತ್ತಲೇ ಇರುತ್ತವೆ, ಸ್ಪೀಕರಿನಲ್ಲಿ ಸುಯ್ ಎನ್ನುವ ಸದ್ದು ಇರುತ್ತದೆ, ಸಂಪರ್ಕವಾಗಿದೆ ಎಂಬ ಹಸಿರು ಗುರುತೂ ಉರಿಯುತ್ತಿರುತ್ತದೆ. ತಾನಾಗಿ ಗೇನ್ ಹೊಂದಿಸಿಕೊಳ್ಳುವ ವ್ಯವಸ್ಥೆ ಚಾಲೂ ಇದ್ದರೆ ಮೋಸ ಇನ್ನೂ ನಯವಾಗುತ್ತದೆ: ಸಂಕೇತ ಕುಗ್ಗಿದಷ್ಟೂ ಯಂತ್ರ ಸದ್ದನ್ನು ಏರಿಸುತ್ತ ಹೋಗುವುದರಿಂದ ಕಿವಿಗೆ ಎಲ್ಲವೂ ಮೊದಲಿನಷ್ಟೇ ಜೋರು. ಯಂತ್ರ ನೆಟ್‌ವರ್ಕ್‌ಗೆ ಅಂಕಿಗಳನ್ನು ಕಳಿಸುತ್ತಿದೆ ಎಂಬುದು ಒಂದು ಸಂಗತಿ, ಆ ಅಂಕಿಗಳಲ್ಲಿ ಆಕಾಶದಿಂದ ಬಂದದ್ದು ಏನಾದರೂ ಇದೆಯೇ ಎಂಬುದು ಬೇರೆಯದೇ ಸಂಗತಿ. ಮೊದಲನೆಯದನ್ನು ನೋಡಿ ಎರಡನೆಯದನ್ನು ನಂಬಿಬಿಡುವುದೇ ಹೆಚ್ಚಿನ ವ್ಯರ್ಥ ಶ್ರಮದ ಮೂಲ.

ನೆಟ್‌ವರ್ಕ್ ಎಂದೂ ಕೆಡುವುದಿಲ್ಲವೇ ಎಂದು ಕೇಳಬಹುದು. ಕೆಡುತ್ತದೆ, ಬೇಕಾದಷ್ಟು ಸಲ. ಲೆಕ್ಕ ಹಾಕಿಯೇ ನೋಡೋಣ. ಅಗ್ಗದ ಡಾಂಗಲ್ ಸೆಕೆಂಡಿಗೆ 24 ಲಕ್ಷ ಮಾದರಿಗಳನ್ನು ತೆಗೆಯುತ್ತದೆ, ಪ್ರತಿ ಮಾದರಿಗೆ ಎರಡು ಬೈಟ್. ಅಂದರೆ ಸೆಕೆಂಡಿಗೆ 48 ಲಕ್ಷ ಬೈಟ್, 38.4 ಮೆಗಾಬಿಟ್, ಒಂದು ಗಂಟೆಗೆ 17 ಗಿಗಾಬೈಟ್‌ಗೂ ಹೆಚ್ಚು. ಆರ್‌ಟಿಎಲ್-ಟಿಸಿಪಿಯಂಥ ತಂತ್ರಾಂಶ ಈ ಕಚ್ಚಾ ಅಂಕಿಗಳನ್ನು ಹಾಗೆಯೇ ತಂತಿಗೆ ಸುರಿಯುತ್ತದೆ. ಎರಡು ಗೋಡೆ ದಾಟಿದ ವೈಫೈಗೆ ಇದು ಭಾರವಾದರೆ ಅಚ್ಚರಿಯಿಲ್ಲ. ಮಾದರಿಗಳನ್ನು ಸೆಕೆಂಡಿಗೆ 2.4 ಲಕ್ಷಕ್ಕೆ ಇಳಿಸಿದರೆ ಭಾರ 4 ಮೆಗಾಬಿಟ್‌ಗಿಂತ ಕೆಳಗಿಳಿಯುತ್ತದೆ. ಒಂದು ಮೀಡಿಯಂ ವೇವ್ ನಿಲ್ದಾಣ ಕೇಳಲು ಅಷ್ಟು ಧಾರಾಳ. ಇನ್ನೊಂದು ದಾರಿ, ಸದ್ದನ್ನು ರಿಸೀವರ್ ಬಳಿಯೇ ಬಿಡಿಸಿ ಬರೀ ಆಡಿಯೊ ಕಳಿಸುವ ಓಪನ್‌ವೆಬ್‌ಆರ್‌ಎಕ್ಸ್‌ನಂಥ ತಂತ್ರಾಂಶ ಬಳಸುವುದು. ಇವಲ್ಲದೆ ಸರಳ ಕಾರಣಗಳೂ ಉಂಟು: ಆರ್‌ಟಿಎಲ್-ಟಿಸಿಪಿಗೆ ಬೇರೆ ಹೇಳದಿದ್ದರೆ ಅದು 127.0.0.1 ಎಂಬ ತನ್ನದೇ ವಿಳಾಸದಲ್ಲಿ ಮಾತ್ರ ಕಿವಿಗೊಡುತ್ತದೆ, ಪಕ್ಕದ ಕಂಪ್ಯೂಟರಿಗೂ ಸಿಗುವುದಿಲ್ಲ. ಮೊಬೈಲ್ ಇಂಟರ್‌ನೆಟ್‌ನಲ್ಲೂ ಎಷ್ಟೋ ಮನೆ ಸಂಪರ್ಕಗಳಲ್ಲೂ ಹಲವು ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸ ಹಂಚಿಕೊಂಡಿರುವುದರಿಂದ, ರೌಟರ್‌ನಲ್ಲಿ ಪೋರ್ಟ್ ತೆರೆದರೂ ಹೊರಗಿನವರಿಗೆ ಬಾಗಿಲು ತೆರೆಯುವುದಿಲ್ಲ. ಈ ದೋಷಗಳಿಗೆಲ್ಲ ಒಂದು ಒಳ್ಳೆಯ ಗುಣವಿದೆ, ಅವು ಮುಖಕ್ಕೆ ಹೊಡೆದಂತೆ ಕಾಣುತ್ತವೆ. ಸಂಪರ್ಕ ಆಗುತ್ತದೆ ಅಥವಾ ಆಗುವುದಿಲ್ಲ, ಸದ್ದು ತುಂಡಾಗುತ್ತದೆ ಅಥವಾ ಇಲ್ಲ. ತಿಂಗಳುಗಟ್ಟಲೆ ಅಡಗಿ ಕೂರುವ ದೋಷಗಳು ಇನ್ನೊಂದು ತುದಿಯವು.

ಹಾಗಾಗಿ ಮೊದಲ ಪರೀಕ್ಷೆ ರಿಸೀವರ್ ಇರುವ ಕೋಣೆಯಲ್ಲೇ, ಒಂದು ಸಾಮಾನ್ಯ ಟ್ರಾನ್ಸಿಸ್ಟರ್ ಜೊತೆ ನಡೆಯಲಿ. 675ಕ್ಕೆ ಮುಳ್ಳು ತಿರುಗಿಸಿ ನಿಲ್ದಾಣ ಪ್ರಸಾರದಲ್ಲಿದೆಯೇ ನೋಡಬೇಕು. ಪ್ರಸಾರದ ಹೊತ್ತಲ್ಲದಿದ್ದರೆ, ಟ್ರಾನ್ಸ್‌ಮಿಟರ್ ನಿಂತಿದ್ದರೆ, ದೋಷ ನಮ್ಮದಲ್ಲ, 103.5ಕ್ಕೋ ಮೀಡಿಯಂ ವೇವ್‌ನ ಇನ್ನೊಂದು ಪರಿಚಿತ ನಿಲ್ದಾಣಕ್ಕೋ ಹೋಗಬೇಕು. ಟ್ರಾನ್ಸಿಸ್ಟರ್‌ನಲ್ಲಿ ಬರುತ್ತಿದ್ದು ಸಾಫ್ಟ್‌ವೇರ್ ರೇಡಿಯೊದಲ್ಲಿ ಬಾರದಿದ್ದರೆ, ದೋಷ ಯಾವ ಗಡಿಯೊಳಗಿದೆ ಎಂಬುದು ಒಂದೇ ನಿಮಿಷದಲ್ಲಿ ಗೊತ್ತಾಯಿತು. ಆರಂಭಿಕರು ದೋಷ ಎಂದುಕೊಳ್ಳುವ ಒಂದು ಸಂಗತಿ ಇಲ್ಲೇ ತಿಳಿಯಾಗುತ್ತದೆ: ಈ ಡಾಂಗಲ್‌ಗಳ ಟ್ಯೂನರ್ ಸುಮಾರು 24 ಮೆಗಾಹರ್ಟ್ಸ್‌ಗಿಂತ ಕೆಳಗೆ ಇಳಿಯುವುದೇ ಇಲ್ಲ. 103.5 ಚೆನ್ನಾಗಿ ಬಂದು 675 ಬಾರದಿರುವುದು ಅದರ ಸ್ವಭಾವ. ಮೀಡಿಯಂ ವೇವ್ ಬೇಕೆಂದರೆ ಟ್ಯೂನರನ್ನು ಬದಿಗಿಟ್ಟು ಹೋಗುವ ನೇರ ಮಾದರಿ ವಿಧಾನಕ್ಕೆ ಬದಲಿಸಬೇಕು, ಇಲ್ಲವೇ ಆವರ್ತನವನ್ನು ಮೇಲೆತ್ತುವ ಕನ್ವರ್ಟರ್ ಜೋಡಿಸಬೇಕು. ನಿಲ್ದಾಣ ಒಂದಿಷ್ಟು ಪಕ್ಕಕ್ಕೆ ಸರಿದು ಕಂಡರೂ ಗಾಬರಿ ಬೇಡ. ಅಗ್ಗದ ಹರಳು ಹತ್ತು ಲಕ್ಷಕ್ಕೆ 50 ಭಾಗ ತಪ್ಪಿದ್ದರೆ 103.5 ಮೆಗಾಹರ್ಟ್ಸ್‌ನಲ್ಲಿ ಆ ತಪ್ಪು 5 ಕಿಲೋಹರ್ಟ್ಸ್ ದಾಟುತ್ತದೆ, 675 ಕಿಲೋಹರ್ಟ್ಸ್‌ನಲ್ಲಾದರೆ ಬರೀ 34 ಹರ್ಟ್ಸ್. ನಿಲ್ದಾಣದ ಆವರ್ತನ ನಮ್ಮ ಡಾಂಗಲ್‌ಗಿಂತ ಎಷ್ಟೋ ಪಾಲು ಕರಾರುವಾಕ್ಕಾದದ್ದು, ಅದಕ್ಕೆ ನಮ್ಮದನ್ನು ಹೊಂದಿಸಿಕೊಂಡರಾಯಿತು. ಟ್ರಾನ್ಸಿಸ್ಟರ್ ಪಕ್ಕದಲ್ಲಿದ್ದರೆ ಇನ್ನೂ ಒಂದು ಲಾಭವಿದೆ. ನೆಟ್‌ವರ್ಕ್ ಮೂಲಕ ಬರುವ ಸದ್ದು ಟ್ರಾನ್ಸಿಸ್ಟರಿಗಿಂತ ಒಂದರ್ಧ ಸೆಕೆಂಡೋ ಒಂದು ಸೆಕೆಂಡೋ ಹಿಂದೆ ಬೀಳುವುದು ಸಹಜ. ಆ ವಿಳಂಬ ಹೊತ್ತು ಹೋದಂತೆ ಬೆಳೆಯುತ್ತಿದ್ದರೆ, ಅಂಕಿಗಳು ಬರುವ ವೇಗಕ್ಕೆ ದಾರಿಯೋ ಕಂಪ್ಯೂಟರೋ ಸಾಲುತ್ತಿಲ್ಲ ಎಂದು ಅರ್ಥ. ವಾರ್ತೆ ಓದುವ ಒಂದೇ ದನಿ ಎರಡು ಕಡೆ ಕೇಳಿಸುವಾಗ ಈ ಅಳತೆಗೆ ಬೇರೆ ಉಪಕರಣವೇ ಬೇಡ.

ಎರಡನೆಯ ಸಾಕ್ಷಿ ಪರದೆಯ ಮೇಲಿನ ವಾಟರ್‌ಫಾಲ್. ಅದರಲ್ಲಿ ಅಡ್ಡಕ್ಕೆ ಆವರ್ತನ, ಉದ್ದಕ್ಕೆ ಕಾಲ. ನಿಲ್ದಾಣವೊಂದು ನೆಟ್ಟಗೆ ಇಳಿಯುವ ಗೆರೆಯಾಗಿ, ಎರಡೂ ಬದಿಗೆ ಮಾತಿನ ಏರಿಳಿತದ ಪುಕ್ಕಗಳೊಂದಿಗೆ ಕಾಣುತ್ತದೆ. ಇದನ್ನು ಓದಲು ಕಲಿತವರಿಗೆ ಅರ್ಧ ದೋಷ ಕಣ್ಣಿಗೇ ಸಿಗುತ್ತದೆ. ನೆಟ್‌ವರ್ಕ್‌ನಲ್ಲಿ ಅಂಕಿಗಳು ಕಳೆದರೆ ಇಡೀ ಚಿತ್ರ ಈ ತುದಿಯಿಂದ ಆ ತುದಿಗೆ ಒಮ್ಮೆಲೇ ಕತ್ತರಿಸುತ್ತದೆ; ಯಾವ ಆವರ್ತನಕ್ಕೂ ರಿಯಾಯಿತಿಯಿಲ್ಲ. ಮೊಬೈಲ್ ಚಾರ್ಜರ್, ಎಲ್‌ಇಡಿ ದೀಪ, ಸೋಲಾರ್ ಇನ್ವರ್ಟರ್‌ಗಳಿಂದ ಬರುವ ಗದ್ದಲ ಹಾಗಲ್ಲ, ಅದು ಸಮಾನ ಅಂತರದಲ್ಲಿ ನಿಂತ ಮಸುಕು ಕಂಬಗಳ ಸಾಲು, ಯಂತ್ರ ಬಿಸಿಯಾದಂತೆ ಓಲಾಡುತ್ತ ಸರಿಯುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದಾಗ ಒಂದು ಗೊಂದಲ ಹುಟ್ಟುತ್ತದೆ, ಏಕೆಂದರೆ ಮಿಂಚು ಕೂಡ ಅಡ್ಡಲಾಗಿ ಇಡೀ ಪಟ್ಟಿಗೆ ಗೆರೆ ಎಳೆಯುತ್ತದೆ. ವ್ಯತ್ಯಾಸ ಹತ್ತಿರದಿಂದ ನೋಡಿದರೆ ತಿಳಿಯುತ್ತದೆ: ಮಿಂಚಿನ ಗೆರೆ ಪ್ರಕಾಶಮಾನ, ಅದರ ನಂತರವೂ ಮಾತು ತಪ್ಪದೆ ಮುಂದುವರಿಯುತ್ತದೆ, ನೆಟ್‌ವರ್ಕ್ ಕಡಿತದಲ್ಲಿ ಹೊಳಪೇ ಇರುವುದಿಲ್ಲ, ಮಾತಿನ ಒಂದು ತುಣುಕೇ ಕಾಣೆಯಾಗಿರುತ್ತದೆ. ಅಂದಹಾಗೆ, ಮಿಂಚಿನ ಗೆರೆಗಳು ದಟ್ಟವಾಗತೊಡಗಿದಾಗ ಮಾಡಬೇಕಾದದ್ದು ದೋಷ ಹುಡುಕುವುದಲ್ಲ, ಆಂಟೆನಾ ಮತ್ತು ನೆಟ್‌ವರ್ಕ್ ತಂತಿ ಎರಡನ್ನೂ ಬಿಚ್ಚಿಡುವುದು.

ನನ್ನ ಲೆಕ್ಕದಲ್ಲಿ ಅತಿ ದೊಡ್ಡ ಅಪರಾಧಿ ಮಿಂಚಲ್ಲ, ಚಾರ್ಜರ್ ದೀಪಗಳಂಥವುಗಳಿಂದ ಬರುವ ಗದ್ದಲವೇ. ಅದನ್ನು ಬೆಳೆಸುವುದರಲ್ಲಿ ನೆಟ್‌ವರ್ಕ್‌ನ ಪಾತ್ರವೂ ಇದೆ, ಆದರೆ ಜನ ಊಹಿಸುವ ರೀತಿಯಲ್ಲಲ್ಲ. ಅಂಕಿಗಳನ್ನು ತಪ್ಪದೆ ಸಾಗಿಸುತ್ತಿರುವ ರೌಟರ್, ಅದರ ಅಡಾಪ್ಟರ್, ಉದ್ದನೆಯ ಈಥರ್‌ನೆಟ್ ಕೇಬಲ್ ಮೂರೂ ಸೇರಿ ಪಕ್ಕದ ಆಂಟೆನಾ ತಂತಿಗೆ ಗದ್ದಲ ತುಂಬುತ್ತವೆ. ಇದನ್ನು ಹಿಡಿಯಲು ಹಳೆಯ ಹ್ಯಾಮ್‌ಗಳು, ಅಂದರೆ ರೇಡಿಯೊ ಹವ್ಯಾಸಿಗಳು, ಬಳಸುವ ಉಪಾಯ ಸೊಗಸಾದದ್ದು. ಗೇನ್ ಅನ್ನು ಒಂದು ಮಟ್ಟಕ್ಕೆ ನಿಲ್ಲಿಸಿ, ಆಂಟೆನಾದ ಕೋಆಕ್ಸಿಯಲ್ ಕೇಬಲ್ ಪೂರ್ತಿ ತೆಗೆಯಬೇಕು. ಗದ್ದಲ ಇಳಿಯದಿದ್ದರೆ ಅದು ಯುಎಸ್‌ಬಿ ಅಥವಾ ವಿದ್ಯುತ್ ತಂತಿಯಿಂದ ಯಂತ್ರದೊಳಗೇ ನುಗ್ಗುತ್ತಿದೆ. ಇಳಿದರೆ, ಕೇಬಲ್ಲಿನ ಹೊರಹೆಣಿಗೆಯನ್ನು ಮಾತ್ರ ಕನೆಕ್ಟರಿನ ಲೋಹಕ್ಕೆ ತಾಕಿಸಬೇಕು, ನಡುವಿನ ತಂತಿ ತಾಕಬಾರದು. ಆಗ ಆಂಟೆನಾದಿಂದ ಏನೂ ಬರಬಾರದು. ಆದರೂ ಗದ್ದಲ ಎದ್ದರೆ ಅದು ಹೆಣಿಗೆಯ ಹೊರಮೈಮೇಲೆ ಮನೆಯ ವೈರಿಂಗ್‌ನಿಂದ ಹರಿದು ಬರುತ್ತಿದೆ. ಅಂಥಲ್ಲಿ ದುಬಾರಿ ಆಂಟೆನಾ ಕೊಳ್ಳುವುದರಿಂದ ಏನೂ ಆಗದು. ಫೆರೈಟ್ ಉಂಗುರಕ್ಕೆ ಕೇಬಲ್ಲನ್ನು ಹಲವು ಸುತ್ತು ಸುತ್ತುವುದು, ಆಂಟೆನಾ ಬುಡದಲ್ಲೇ ಬೇರೆ ಅರ್ತ್ ಕೊಡುವುದು, ಅಡಾಪ್ಟರ್ ಬದಲಿಸುವುದು ಕೆಲಸ ಮಾಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗುವುದು ಯಾರಿಗೂ ಇಷ್ಟವಿಲ್ಲದ ಸಂಗತಿ, ದೋಷ ಹುಡುಕುವವರಿಗೆ ಮಾತ್ರ ಅದು ಬಿಟ್ಟಿ ಸಿಕ್ಕ ಪ್ರಯೋಗ. ಬೀದಿಗೆ ಬೀದಿಯೇ ಕತ್ತಲಾದಾಗ ಬ್ಯಾಟರಿಯ ಮೇಲೆ ರಿಸೀವರ್ ಓಡಿಸಿ ಗದ್ದಲ ಎಷ್ಟು ಇಳಿಯಿತು ನೋಡಬೇಕು. ಮರುದಿನ ಕರೆಂಟಿದ್ದಾಗ ಮನೆಯ ಮೇನ್ ಸ್ವಿಚ್ ಮಾತ್ರ ಆರಿಸಿ ಅದನ್ನೇ ನೋಡಬೇಕು. ಗದ್ದಲದಲ್ಲಿ ನಮ್ಮ ಪಾಲೆಷ್ಟು, ನೆರೆಹೊರೆಯ ಪಾಲೆಷ್ಟು ಎಂಬುದು ಈ ಎರಡರ ನಡುವಿನ ಅಂತರದಿಂದ ಗೊತ್ತಾಗುತ್ತದೆ. ಪವರ್ ಬ್ಯಾಂಕ್ ಈ ಪ್ರಯೋಗಕ್ಕೆ ಒಳ್ಳೆಯದಲ್ಲ, ಅದರೊಳಗಿನ ಕನ್ವರ್ಟರೇ ಗದ್ದಲ ಮಾಡುತ್ತದೆ. 675ರ ಮೇಲೆ ನಿಂತಾಗ ಮಾತ್ರ ಗುಂಯ್ ಎನ್ನುವ 100 ಹರ್ಟ್ಸ್ ಹಮ್ ಕೇಳಿ, ಪಕ್ಕಕ್ಕೆ ಸರಿದರೆ ಮಾಯವಾಗುವುದಿದೆ. ಅದಕ್ಕೆ ಕಾರಣ ನಿಲ್ದಾಣವಲ್ಲ. ಬಲವಾದ ಆ ತರಂಗ ಯಾವುದೋ ಚಾರ್ಜರಿನ ಡಯೋಡುಗಳನ್ನು ಹೊಕ್ಕು, ವಿದ್ಯುತ್ತಿನ 50 ಹರ್ಟ್ಸ್‌ನ ಇಮ್ಮಡಿ ಲಯವನ್ನು ಹೊತ್ತು ಮತ್ತೆ ಹೊರಬೀಳುತ್ತಿರುತ್ತದೆ.

ಎರಡು ಹೊಸಮನೆಗಳ ವ್ಯತ್ಯಾಸ ಇಲ್ಲಿ ಮುಖ್ಯವಾಗುತ್ತದೆ. ಶಿವಮೊಗ್ಗದಲ್ಲಿ ಭದ್ರಾವತಿಯ ಸಂಕೇತ ಹದವಾಗಿ ಸಿಗುತ್ತದೆ, ಭದ್ರಾವತಿಯಲ್ಲೇ ಇರುವವರಿಗೆ ಅದು ಅತಿಯಾಗಬಹುದು. ಅಂಕಿಯಾಗಿಸುವ ಪ್ರತಿ ಬಿಟ್‌ಗೂ ಸುಮಾರು 6 ಡೆಸಿಬೆಲ್ ಹರವು ಸಿಗುತ್ತದೆ. 8 ಬಿಟ್‌ನ ಡಾಂಗಲ್‌ಗೆ 48, 14 ಬಿಟ್‌ನ ಕಿವಿಎಸ್‌ಡಿಆರ್‌ಗೆ 84. ಬಲವಾದ ನಿಲ್ದಾಣ ಆ ಹರವನ್ನೆಲ್ಲ ತಾನೇ ತುಂಬಿಬಿಟ್ಟರೆ ದುರ್ಬಲ ನಿಲ್ದಾಣಗಳಿಗೆ ಜಾಗವೇ ಉಳಿಯುವುದಿಲ್ಲ, ಜೊತೆಗೆ 1350 ಮತ್ತು 2025 ಕಿಲೋಹರ್ಟ್ಸ್‌ನಲ್ಲಿ ಅದರದೇ ನೆರಳುಗಳು ಏಳುತ್ತವೆ. ಕೇಳುವವರಿಗೆ ರೇಡಿಯೊ ಬಹಳ ಚೆನ್ನಾಗಿ ಹಿಡಿಯುತ್ತಿದೆ, ಎಲ್ಲೆಡೆಯೂ ನಿಲ್ದಾಣ ಎಂಬ ಭ್ರಮೆ. ನೆರಳೋ ನಿಜವೋ ಎಂದು ತಿಳಿಯಲು ಆಂಟೆನಾ ಬಾಯಿಗೆ 6 ಡೆಸಿಬೆಲ್ ಕುಗ್ಗಿಸುವ ಪುಟ್ಟ ಅಟೆನ್ಯುಯೇಟರ್ ಹಾಕಿ ನೋಡಬೇಕು. ನಿಜವಾದ ಸಂಕೇತ 6 ಡೆಸಿಬೆಲ್ ಮಾತ್ರ ಇಳಿಯುತ್ತದೆ. ರಿಸೀವರ್‌ನೊಳಗೆ ಹುಟ್ಟಿದ ಇಮ್ಮಡಿ ಆವರ್ತನದ ನೆರಳು ಸುಮಾರು 12, ಮುಮ್ಮಡಿಯದು ಸುಮಾರು 18 ಇಳಿಯುತ್ತದೆ, ಅಂಕಿಯ ಮಿತಿಯೇ ಉಕ್ಕಿ ಹುಟ್ಟಿದ್ದಾದರೆ ಹಠಾತ್ತನೆ ಮಾಯವಾಗುತ್ತದೆ. ಇಲ್ಲಿ ಒಂದು ನಿಜವಾದ ಆಕ್ಷೇಪವಿದೆ, ಅದನ್ನು ಒಪ್ಪಲೇಬೇಕು. ತಗಡಿನ ಮಾಡು, ತುಕ್ಕು ಹಿಡಿದ ಬೋಲ್ಟು, ಹಳೆಯ ಟಿವಿ ಆಂಟೆನಾದ ಕೊಳವೆಗಳ ಕೀಲುಗಳು ತಾವೇ ಡಯೋಡಿನಂತೆ ವರ್ತಿಸಿ ಈ ನೆರಳನ್ನು ರಿಸೀವರ್‌ನ ಹೊರಗೇ ಹುಟ್ಟಿಸಬಲ್ಲವು. ಆಗ ಅಟೆನ್ಯುಯೇಟರ್ ಪರೀಕ್ಷೆ ಅದನ್ನು ನಿಜವಾದ ಸಂಕೇತ ಎಂದೇ ತೋರಿಸುತ್ತದೆ. ಬಿಡಿಸುವ ದಾರಿ ಮಳೆ: ತಗಡು ತೊಯ್ದಾಗ, ಒಣಗಿದಾಗ ನೆರಳು ಬದಲಾದರೆ, ನಿಲ್ದಾಣ ಮಾತ್ರ ಹಾಗೆಯೇ ಇದ್ದರೆ, ಅಪರಾಧಿ ಮಾಡಿನ ಮೇಲಿದ್ದಾನೆ.

ಇಷ್ಟೆಲ್ಲ ಪರೀಕ್ಷೆ ಯಾಕೆ, ಒಮ್ಮೆ ಆರಿಸಿ ಮತ್ತೆ ಹಚ್ಚಿದರೆ ಸರಿಹೋಗುತ್ತದಲ್ಲ ಎಂಬ ವಾದ ಬಲು ಜನಪ್ರಿಯ. ಸರಿಹೋಗುವುದು ನಿಜ, ಅದೇ ಅಪಾಯ. ತೆಳ್ಳನೆಯ ಯುಎಸ್‌ಬಿ ತಂತಿಯಿಂದ ವಿದ್ಯುತ್ ಪಡೆಯುವ ರಾಸ್ಪ್‌ಬೆರಿ ಪೈಗೆ ವೋಲ್ಟೇಜ್ 4.63ಕ್ಕಿಂತ ಕೆಳಗಿಳಿದರೆ ಅದು ಎಚ್ಚರಿಕೆ ದಾಖಲಿಸಿ ತನ್ನ ವೇಗ ತಗ್ಗಿಸುತ್ತದೆ. ಡಾಂಗಲ್ ನಡುವೆ ಕಳಚಿಕೊಂಡಂತಾಗುತ್ತದೆ. ರೀಸ್ಟಾರ್ಟ್ ಮಾಡಿದರೆ ಕೆಲವು ಗಂಟೆ ಎಲ್ಲ ಸರಿ, ಎಚ್ಚರಿಕೆಯ ಗುರುತು ಮಾತ್ರ ಅಳಿಸಿಹೋಗಿರುತ್ತದೆ. ಬದಲಿಸಬೇಕಿದ್ದದ್ದು ಒಂದು ತಂತಿ. ಅದು ತಿಳಿಯದೆ ಡಾಂಗಲ್ ಬದಲಾಗುತ್ತದೆ, ಮೆಮೊರಿ ಕಾರ್ಡ್ ಬದಲಾಗುತ್ತದೆ, ರೌಟರ್ ಕೂಡ ಬದಲಾಗುತ್ತದೆ. ರೀಸ್ಟಾರ್ಟ್ ಬೇಡವೆಂದಲ್ಲ, ಅದಕ್ಕೆ ಮೊದಲು ದಾಖಲೆ ಓದಿ ಎರಡು ಸಾಲು ಬರೆದಿಟ್ಟುಕೊಳ್ಳಬೇಕು. ಲಿನಕ್ಸ್‌ನಲ್ಲಿ ಇನ್ನೊಂದು ಹಳೆಯ ಕಾಟವಿದೆ: ಡಾಂಗಲ್ ಹುಟ್ಟಿದ್ದು ಟಿವಿಗಾಗಿ ಆದ್ದರಿಂದ ಟಿವಿಯ ಡ್ರೈವರ್ ಅದನ್ನು ಮೊದಲೇ ವಶಪಡಿಸಿಕೊಂಡು ರೇಡಿಯೊ ತಂತ್ರಾಂಶಕ್ಕೆ ಬಿಟ್ಟುಕೊಡುವುದಿಲ್ಲ. ಆ ಡ್ರೈವರನ್ನು ತಡೆಪಟ್ಟಿಗೆ ಸೇರಿಸುವವರೆಗೆ ನೂರು ಸಲ ರೀಸ್ಟಾರ್ಟ್ ಮಾಡಿದರೂ ಅಷ್ಟೇ.

ಇನ್ನೊಂದು ಪ್ರಶ್ನೆ ಹೆಚ್ಚು ಗಂಭೀರವಾದದ್ದು. ಆಕಾಶವಾಣಿಯೇ ಮೊಬೈಲ್ ಆ್ಯಪ್‌ನಲ್ಲಿ ಸ್ವಚ್ಛವಾಗಿ ಸಿಗುವಾಗ ಕರಕರ ಎನ್ನುವ ಈ ರಿಸೀವರ್‌ಗಳ ಆರೈಕೆ ಯಾಕೆ? ಆ್ಯಪ್‌ನಲ್ಲಿ ಬರುವುದು ಸ್ಟುಡಿಯೊದಿಂದ ಹೊರಟ ಸದ್ದು. ಆಕಾಶ ಹೇಗಿದೆ, ಟ್ರಾನ್ಸ್‌ಮಿಟರ್ ಹೇಗಿದೆ, ರಾತ್ರಿ ಅದೇ ಆವರ್ತನದಲ್ಲಿ ದೂರದ ಯಾವ ನಿಲ್ದಾಣ ತೂರಿಬಂತು ಎಂಬುದನ್ನು ಅದು ಹೇಳದು. ಗೌರಿಬಿದನೂರಿನಲ್ಲಿ 1970ರ ದಶಕದಿಂದ ಕೆಲಸ ಮಾಡುತ್ತಿರುವ ರೇಡಿಯೊ ವೀಕ್ಷಣಾಲಯ ಸೂರ್ಯನ ಸದ್ದು ಕೇಳುತ್ತದೆ. ಅಲ್ಲಿನ ಒಂದು ರಿಸೀವರ್ ಹಲವು ದೇಶಗಳಲ್ಲಿ ಒಂದೇ ಮಾದರಿಯ ಯಂತ್ರಗಳನ್ನು ಇಂಟರ್‌ನೆಟ್‌ನಿಂದ ಹೆಣೆದ ಇ-ಕ್ಯಾಲಿಸ್ಟೊ ಜಾಲಕ್ಕೂ ಸೇರಿದೆ. ಸೂರ್ಯ ಹಗಲಿದ್ದ ಕಡೆ ಮಾತ್ರ ಕಾಣುವುದರಿಂದ, ದಿನದ ಇಪ್ಪತ್ನಾಲ್ಕು ಗಂಟೆಯೂ ಅವನ ಮೇಲೆ ನಿಗಾ ಇಡಬೇಕೆಂದರೆ ಬೇರೆಬೇರೆ ರೇಖಾಂಶದ ರಿಸೀವರ್‌ಗಳು ಬೇಕೇಬೇಕು. ಆ ಜಾಲದ ಒಂದು ಕೊಂಡಿ ಸ್ಥಳೀಯ ಗದ್ದಲವನ್ನೇ ಸೂರ್ಯನ ಸ್ಫೋಟವೆಂದು ಬರೆದು ಕಳಿಸಿದರೆ ನೆಟ್‌ವರ್ಕ್ ಅದನ್ನು ನಿಷ್ಠೆಯಿಂದ ಜಗತ್ತಿಗೆಲ್ಲ ತಲುಪಿಸುತ್ತದೆ. ಹವ್ಯಾಸಿಯ ರಿಸೀವರ್‌ಗೂ ಇದೇ ಮಾತು ಅನ್ವಯಿಸುತ್ತದೆ. ಮನೆಯೊಳಗಿನ ರೇಡಿಯೊ ಸುಳ್ಳು ಹೇಳಿದರೆ ಕೆಡುವುದು ಒಬ್ಬರ ಸಂಜೆ. ಜಾಲದಲ್ಲಿರುವ ರೇಡಿಯೊವನ್ನು ದೂರದಲ್ಲಿ ಕೂತ, ಆ ಮಾಡನ್ನೂ ಆ ಚಾರ್ಜರನ್ನೂ ನೋಡಲಾಗದ ಅಪರಿಚಿತರು ನಂಬುತ್ತಾರೆ. ಅದನ್ನು ಸರಿಯಾಗಿಡುವ ಹೊಣೆ ಆಂಟೆನಾ ಕಟ್ಟಿದವರದು.

ಈ ಹೊಣೆಗೆ ದುಬಾರಿ ಸ್ಪೆಕ್ಟ್ರಮ್ ಅನಲೈಸರ್ ಬೇಕಿಲ್ಲ. ಒಂದು ನೋಟ್‌ಪುಸ್ತಕ, ಒಂದು ಟ್ರಾನ್ಸಿಸ್ಟರ್, ಗೊತ್ತಿರುವ ಒಂದು ನಿಲ್ದಾಣ ಸಾಕು. ಅಳೆಯುವುದು ನಡುಹಗಲಿನಲ್ಲಾಗಬೇಕು. ಹಗಲು ವಾತಾವರಣದ ಮೇಲಿನ ಒಂದು ಪದರ ಮೀಡಿಯಂ ವೇವ್ ತರಂಗಗಳನ್ನು ಹೀರಿಬಿಡುವುದರಿಂದ ದೂರದ ನಿಲ್ದಾಣಗಳು ತಲುಪುವುದಿಲ್ಲ, ನೆಲಕ್ಕೆ ಅಂಟಿಕೊಂಡು ಬರುವ ಭದ್ರಾವತಿಯ ಸಂಕೇತ ಮಾತ್ರ ಸ್ಥಿರವಾಗಿರುತ್ತದೆ. ರಾತ್ರಿಯ ಅಂಕಿಗಳು ಏರಿಳಿಯುತ್ತವೆ, ಹೋಲಿಕೆಗೆ ಒದಗುವುದಿಲ್ಲ. ಸ್ವಯಂಚಾಲಿತ ಗೇನ್ ಆರಿಸಿ, ಪ್ರತಿ ಸಲವೂ ಅದೇ ಗೇನ್, ಅದೇ ಮಾದರಿ ವೇಗ ಇಟ್ಟು, 675ರ ಮಟ್ಟವನ್ನೂ ನಿಲ್ದಾಣವಿಲ್ಲದ ಪಕ್ಕದ ಜಾಗದ ಗದ್ದಲದ ಮಟ್ಟವನ್ನೂ ತಿಂಗಳಿಗೊಮ್ಮೆ ಬರೆದಿಟ್ಟರೆ ಸಾಕು. ನಿಲ್ದಾಣ ಹಾಗೆಯೇ ಇದ್ದು ಗದ್ದಲ ಏರಿದ್ದರೆ ಹೊಸದಾಗಿ ಬಂದ ದೀಪವನ್ನೋ ಇನ್ವರ್ಟರನ್ನೋ ಹುಡುಕಬೇಕು. ಎರಡೂ ಒಟ್ಟಿಗೆ ಇಳಿದಿದ್ದರೆ ದಾರಿಯೇ ಕಟ್ಟಿದೆ. ಜುಲೈನಲ್ಲಿ 675ರ ಮಟ್ಟ ಫೆಬ್ರವರಿಗಿಂತ 10 ಡೆಸಿಬೆಲ್ ಕಡಿಮೆ ಬಂದು, ಪಕ್ಕದ ಟ್ರಾನ್ಸಿಸ್ಟರ್ ಮಾತ್ರ ಎಂದಿನಂತೆ ಮಾತಾಡುತ್ತಿದ್ದರೆ ರೌಟರ್ ಮುಟ್ಟುವ ಅಗತ್ಯವಿಲ್ಲ. ಮಳೆ ಬಿಟ್ಟಾಗ ಏಣಿ ತಂದು, ಮಾಡಿನ ಮೇಲಿನ ಕನೆಕ್ಟರ್ ಬಿಚ್ಚಿ, ಕೇಬಲ್ಲಿನೊಳಗೆ ನೀರು ಇಳಿದಿದೆಯೇ ನೋಡಬೇಕು.